ರೋಬೋಟ್ ಬಂದ ಮೇಲೆ ಒಟಿಯಲ್ಲಿ ಮಾತು ಜಾಸ್ತಿಯಾಯಿತು

ಹೊಟ್ಟೆ ತೆರೆದು ಮಾಡುವ ಓಪನ್ ಸರ್ಜರಿಯಲ್ಲಿ ಸ್ಕ್ರಬ್ ನರ್ಸ್‌ಗೆ, ಅಂದರೆ ಟೇಬಲ್ ಪಕ್ಕ ನಿಂತು ಉಪಕರಣ ಕೊಡುವ ನನ್ನಂಥ ನರ್ಸ್‌ಗೆ, ಸರ್ಜನ್ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವರು ಕೈ ಚಾಚಿದ ರೀತಿಯಲ್ಲೇ ಏನು ಬೇಕು ಅಂತ ಗೊತ್ತಾಗುತ್ತದೆ. ಹುಬ್ಬು ಗಂಟಿಕ್ಕಿದರೆ ನಾನು ರಕ್ತ ಹೀರುವ ಸಕ್ಷನ್ ಕೊಳವೆ ಮುಂದೆ ಮಾಡುತ್ತಿದ್ದೆ. ನಮ್ಮ ಒಟಿಗೆ (ಆಪರೇಷನ್ ಥಿಯೇಟರ್‌ಗೆ) ಡಾವಿಂಚಿ ಎಕ್ಸ್‌ಐ ಎಂಬ ಸರ್ಜರಿ ರೋಬೋಟ್ ಬಂದ ಮೇಲೆ ಇದೆಲ್ಲ ನಡೆಯಲಿಲ್ಲ. ಸರ್ಜನ್ ಟೇಬಲ್‌ನಿಂದ ದೂರ, ಮೂಲೆಯಲ್ಲಿ, ರೋಬೋಟ್‌ನ ಆರ್ಮ್‌ಗಳನ್ನು (ಕೈಗಳನ್ನು) ಆಡಿಸುವ ಕನ್ಸೋಲ್ ಒಳಗೆ ಮುಖ ಇಟ್ಟು ಕೂರುತ್ತಾರೆ. ನಮಗೆ ಕಾಣುವುದು ಅವರ ಬೆನ್ನು. ಅವರಿಗೆ ಕಾಣುವುದು ರೋಗಿಯ ಹೊಟ್ಟೆಯ ಒಳಗು ಮಾತ್ರ.

ಮೆಷಿನ್ ಓಡಿಸುವುದನ್ನು ಕಂಪನಿಯವರು ಬಂದು ಹೇಳಿಕೊಟ್ಟರು. ಮಾತಾಡುವ ರೀತಿಯನ್ನು ನಾವೇ ರೂಢಿ ಮಾಡಿಕೊಳ್ಳಬೇಕಾಯಿತು. ಸರ್ಜನ್ ಹೇಳಿದ್ದನ್ನು ತಿರುಗಿ ಹೇಳಬೇಕು. ಸುಮ್ನೆ 'ಹೂಂ' ಅಂದರೆ ಅದು ಉತ್ತರವಲ್ಲ. "ಮೂರನೇ ಆರ್ಮ್‌ಗೆ ನೀಡಲ್ ಡ್ರೈವರ್" (ಸೂಜಿ ಹಿಡಿಯುವ ಉಪಕರಣ) ಅಂದರೆ, "ಮೂರಕ್ಕೆ ನೀಡಲ್ ಡ್ರೈವರ್ ಬರ್ತಿದೆ ಸರ್". 'ಅದು ಕೊಡಿ', 'ಆ ಕಡೆ ತಳ್ಳಿ' ಎಂಬ ಮಾತೇ ಇಲ್ಲ. ಆರ್ಮ್‌ಗೆ ನಂಬರ್, ಎಡ ಬಲ ಅಂದರೆ ರೋಗಿಯ ಎಡ ಬಲ. ಸೂಜಿ ಒಳಗೆ ಹೋದರೆ "ನೀಡಲ್ ಒಳಗೆ", ಬಂದರೆ "ನೀಡಲ್ ಹೊರಗೆ" ಅಂತ ಜೋರಾಗಿ ಹೇಳಬೇಕು. ಒಟಿಯಲ್ಲೇ, ಸ್ಟೆರೈಲ್ ಜಾಗದ ಹೊರಗಿರುವ ಸಿಸ್ಟರ್ ಬೋರ್ಡ್ ಮೇಲೆ ಬರೆದುಕೊಳ್ಳುತ್ತಾರೆ. ಮೊದಮೊದಲು ಸೀನಿಯರ್ ಸರ್ಜನ್‌ಗಳಿಗೆ ಇದು ಶಾಲೆಯ ಮಗ್ಗಿ ಪಾಠದ ಹಾಗೆ ಕೇಳಿಸಿ ನಗು ಬರುತ್ತಿತ್ತು. ಈಗ ನಾವು ತಿರುಗಿ ಹೇಳದಿದ್ದರೆ ಅವರೇ ಕೇಳುತ್ತಾರೆ.

ಇನ್‌ಸ್ಟ್ರುಮೆಂಟ್ ಬದಲಿಸುವಾಗ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಎಳೆಯುವ ಮುಂಚೆ ಅದು ಏನನ್ನೂ ಹಿಡಿದಿರಬಾರದು, ಅದರ ತುದಿಯಲ್ಲಿ ಬಾಗುವ ಮಣಿಕಟ್ಟು ನೇರ ಇರಬೇಕು. "ಬಿಟ್ಟಿದ್ದೀನಿ, ತೆಗೀರಿ" ಅಂತ ಸರ್ಜನ್ ಹೇಳಬೇಕು. ಟೇಬಲ್ ಪಕ್ಕದ ಅಸಿಸ್ಟೆಂಟ್ ಸ್ಕ್ರೀನ್ ನೋಡಿ ಖಚಿತ ಮಾಡಿಕೊಂಡೇ ತೆಗೆಯಬೇಕು. ಹಳೆಯದು ಎಷ್ಟು ಆಳದಲ್ಲಿತ್ತು ಅನ್ನುವುದು ಮೆಷಿನ್‌ಗೆ ನೆನಪಿರುತ್ತದೆ, ಹೊಸದು ಹೆಚ್ಚುಕಡಿಮೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ನಡುವೆ ಆರ್ಮ್ ಅನ್ನು ಕೈಯಿಂದ ಸರಿಸಲು ಇರುವ ಕ್ಲಚ್ ಬಟನ್ ಒತ್ತಿದರೆ ಆ ನೆನಪು ಅಳಿಸಿಹೋಗುತ್ತದೆ. ಆಮೇಲೆ ಕ್ಯಾಮೆರಾದಲ್ಲಿ ತುದಿ ನೋಡುತ್ತಾ ಮೆಲ್ಲಗೆ ಇಳಿಸಬೇಕು. ಕಾಣದೆ ಇಳಿಸಿದರೆ ಕರುಳಿಗೆ ಚುಚ್ಚಬಹುದು.

ಡಾಕಿಂಗ್, ಅಂದರೆ ರೋಗಿಯ ಹೊಟ್ಟೆಗೆ ಹಾಕಿದ ಕೊಳವೆಗಳಿಗೆ ಆರ್ಮ್ ಸೇರಿಸುವುದನ್ನು, ನಾವು ಬೇಗ ಕಲಿತೆವು. ಆರ್ಮ್‌ಗೆ ಸೇರಿಸುವ 8 ಮಿಲಿಮೀಟರ್ ಕೊಳವೆಯ ಮೇಲೆ ಒಂದು ದಪ್ಪ ಕಪ್ಪು ಪಟ್ಟಿ ಇದೆ. ಅದು ಹೊಟ್ಟೆಯ ಗೋಡೆಯಲ್ಲೇ ಕೂರಬೇಕು, ಯಾಕೆಂದರೆ ಇಡೀ ಆರ್ಮ್ ತಿರುಗುವುದು ಆ ಬಿಂದುವಿನ ಸುತ್ತ. ಸರಿದರೆ ಪ್ರತಿ ಚಲನೆಯೂ ಗಾಯವನ್ನು ಎಳೆಯುತ್ತದೆ. ಡಾಕ್ ಆದ ಮೇಲೆ ನಮ್ಮಲ್ಲಿ ಟೇಬಲ್ ರಿಮೋಟ್ ಯಾರೂ ಮುಟ್ಟುವ ಹಾಗಿಲ್ಲ. ರೋಬೋಟ್ ಜೊತೆ ತಾನೂ ಹೊಂದಿಕೊಂಡು ಚಲಿಸುವ ಟೇಬಲ್ ಬೇರೆ ಇದೆ, ನಮ್ಮದು ಅದಲ್ಲ. ರಿಮೋಟ್ ಅನಸ್ತೀಷಿಯಾ ಡಾಕ್ಟರ್ ಹತ್ತಿರವೇ ಇರುತ್ತದೆ.

ಎಕ್ಸ್‌ಐ ಸರ್ಜನ್‌ಗೆ ಸ್ಪರ್ಶ ತಿಳಿಸುವುದಿಲ್ಲ. ಎಷ್ಟು ಬಿಗಿಯಾಗಿದೆ ಅಂತ ಅವರು ನೋಡಿಯೇ ಅಂದಾಜು ಮಾಡಬೇಕು. ಹೊರಗೆ ಆರ್ಮ್ ರೋಗಿಯ ತೊಡೆಗೆ ಒತ್ತುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ. ಪ್ರಾಸ್ಟೇಟ್ ಕೇಸ್‌ನಲ್ಲಿ ತಲೆ ಕೆಳಗಾಗಿ ಟೇಬಲ್ ಜೋರಾಗಿ ಓರೆ ಇರುತ್ತದೆ, ಮುಖದ ಹತ್ತಿರವೂ ಕಣ್ಣಿಡಬೇಕು. "ಎರಡನೇ ಆರ್ಮ್ ನಿಲ್ಲಿಸಿ ಸರ್" ಅಂತ ಜೂನಿಯರ್ ನರ್ಸ್ ಕೂಡ ಕೂಗಬಹುದು, ಕೂಗಬೇಕು. ಮೆಷಿನ್ ತಂದುದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಗುರುಗ್ರಾಮದಲ್ಲಿ ತಯಾರಾಗುವ ಎಸ್‌ಎಸ್‌ಐ ಮಂತ್ರ ಎಂಬ ಸರ್ಜರಿ ರೋಬೋಟ್‌ನಲ್ಲಿ ಸರ್ಜನ್ 3ಡಿ ಕನ್ನಡಕ ಹಾಕಿ ದೊಡ್ಡ ಸ್ಕ್ರೀನ್ ಮುಂದೆ ಕೂರುತ್ತಾರೆ. ಅಲ್ಲಿ ಮುಖ ಕಾಣುತ್ತದಲ್ವಾ, ಆ ಟೀಮ್‌ಗಳು ಹೇಗೆ ಮಾತಾಡುತ್ತವೋ ನೋಡುವ ಆಸೆ ನನಗಿದೆ.

"ರೋಬೋಟೇ ಆಪರೇಷನ್ ಮಾಡುತ್ತಾ ಸಿಸ್ಟರ್?" ಅಂತ ರೋಗಿಯ ಮನೆಯವರು ಕೇಳುತ್ತಾರೆ. ಇಲ್ಲಮ್ಮ, ಡಾಕ್ಟರ್ ಕೈ ಆಡಿಸಿದರಷ್ಟೇ ಅದು ಆಡುತ್ತದೆ, ತಲೆ ಆಚೆ ತೆಗೆದರೆ ಸೆನ್ಸರ್ ಗೊತ್ತುಹಿಡಿದು ಇದ್ದಲ್ಲೇ ನಿಂತುಬಿಡುತ್ತದೆ ಅನ್ನುತ್ತೇನೆ.

ಹಾಗೆ ನಿಲ್ಲುವುದು ತುರ್ತಿನಲ್ಲೂ ಉಪಯೋಗಕ್ಕೆ ಬರುತ್ತದೆ. ಜೋರು ರಕ್ತಸ್ರಾವ ಆಗಿ ಹೊಟ್ಟೆ ತೆರೆಯಬೇಕಾದರೆ, ಒಂದು ಆರ್ಮ್‌ನಿಂದ ಗಾಜ್ ಬಟ್ಟೆ ಒತ್ತಿಹಿಡಿದು ಸರ್ಜನ್ ಕನ್ಸೋಲ್ ಬಿಟ್ಟು ಏಳಬಹುದು. ಒತ್ತಿದ್ದು ಒತ್ತಿದ ಹಾಗೇ ಇರುತ್ತದೆ. ಅಷ್ಟರಲ್ಲಿ ಅಸಿಸ್ಟೆಂಟ್ ಉಳಿದ ಇನ್‌ಸ್ಟ್ರುಮೆಂಟ್ ತೆಗೆದು ಆ ಆರ್ಮ್‌ಗಳನ್ನು ಬಿಡಿಸುತ್ತಾರೆ. ಒತ್ತಿರುವ ಆರ್ಮ್ ಕೊನೆಗೆ. ನಾನು ಮೊದಲೇ ತಂದಿಟ್ಟ ಓಪನ್ ಸರ್ಜರಿಯ ಸೆಟ್ ಬಿಚ್ಚುತ್ತೇನೆ, ಹೊರಗಿನ ಸಿಸ್ಟರ್ ಆರ್ಮ್‌ಗಳಿರುವ ಕಾರ್ಟ್ ಹಿಂದಕ್ಕೆ ತರುತ್ತಾರೆ, ಅನಸ್ತೀಷಿಯಾದವರು ರಕ್ತಕ್ಕೆ ಹೇಳುತ್ತಾರೆ. ಮೆಷಿನ್ ಕೆಟ್ಟು ಹಿಡಿತ ಬಿಡದಿದ್ದರೆ ಇನ್‌ಸ್ಟ್ರುಮೆಂಟ್‌ನ ಬಾಯಿ ತೆರೆಸುವ ಒಂದು ಸಣ್ಣ ಕೀ ಇದೆ, ಅದು ಎಲ್ಲಿದೆ ಅಂತ ಪ್ರತಿ ಕೇಸ್‌ಗೂ ಮೊದಲು ಕೇಳುತ್ತೇನೆ.

ಟೀಮ್‌ಗೆ ಹೊಸಬರು ಸೇರಿದಾಗ ದಿನದ ಆಪರೇಷನ್ ಲಿಸ್ಟ್ ಮುಗಿದ ಮೇಲೆ ಇದರ ಡ್ರಿಲ್ ಮಾಡುತ್ತೇವೆ. ಎಲ್ಲರಿಗೂ ಹಸಿವು, ಎಲ್ಲರೂ ಗೊಣಗುತ್ತಾರೆ. ಆದರೂ ಸರ್ಜನ್ ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಕನ್ಸೋಲ್‌ನಿಂದ ಎದ್ದು, ಗೌನು ಗ್ಲೌಸು ಹಾಕಿ ಟೇಬಲ್‌ಗೆ ಬರಲು ಅವರಿಗೇ ಜಾಸ್ತಿ ಹೊತ್ತು ಹಿಡಿಯುವುದು.