ಮೊಲ ಎಸೆದರೆ ಮಂಕಾಗುವ ಚಂದ್ರ

ಮಕ್ಕಳ ಜೊತೆ ಗೂಡುದೀಪ ಮಾಡುವುದಿದ್ದರೆ ನಾನು ಕಾಗದಕ್ಕಿಂತ ಮುಂಚೆ ಕಥೆ ಹುಡುಕುತ್ತೇನೆ. ಕಥೆಯಲ್ಲಿ ನಡೆದದ್ದು ದೀಪ ಹಚ್ಚಿದಾಗ ಗೂಡಿನೊಳಗೂ ನಡೆಯಬೇಕು. ಸುಮ್ನೆ ಹೊರಗೆ ಒಂದು ಚಿತ್ರ ಅಂಟಿಸಿದರೆ ಅದು ಇನ್ನೊಂದು ಡ್ರಾಯಿಂಗ್ ಕ್ಲಾಸ್ ಅಷ್ಟೇ. ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ ನಾವಿರುವ ಲೇಔಟಿನ ಮಕ್ಕಳಿಗೆ ನಾನು ಆರಿಸಿಕೊಂಡದ್ದು ಇಲ್ಲಿಯದೇ ಹಳೇ ಕಥೆ. ಚಂದ್ರನಲ್ಲಿ ಮೊಲ ಹೇಗೆ ಬಂತು ಅನ್ನುವುದು.

16ನೇ ಶತಮಾನದಲ್ಲಿ ಬೆರ್ನಾರ್ದಿನೊ ದೆ ಸಹಗೂನ್ ಎಂಬ ಪಾದ್ರಿ ಇಲ್ಲಿನ ಮೂಲನಿವಾಸಿಗಳಾದ ನಾವಾ ಜನರ ಹಿರಿಯರಿಂದ ಕೇಳಿ ಬರೆಸಿಟ್ಟ ಕಥೆ ಇದು. ಲೋಕವೆಲ್ಲ ಕತ್ತಲು. ದೇವರುಗಳು ತೆಯೋತಿವಾಕಾನ್ ಎಂಬ ಜಾಗದಲ್ಲಿ ಸೇರಿ, ಬೆಳಕು ಹೊರುವವರು ಯಾರು ಅಂತ ಕೇಳಿದರು. ತೆಕ್ಸಿಸ್ತೆಕಾತ್ಲ್ ಜಂಬದಿಂದ ಮುಂದೆ ಬಂದ. ಮೈತುಂಬ ಹುಣ್ಣಿದ್ದ ಬಡಪಾಯಿ ನಾನಾವಾತ್ಸಿನ್‌ನನ್ನೂ ಜೊತೆಗೆ ನಿಲ್ಲಿಸಿದರು. ದೊಡ್ಡ ಬೆಂಕಿ ಹಾಕಿದರು. ಜಂಬಗಾರ ನಾಲ್ಕು ಸಲ ಓಡಿ ಬಂದು ನಾಲ್ಕು ಸಲವೂ ಹಿಂಜರಿದ. ನಾನಾವಾತ್ಸಿನ್ ಕಣ್ಣು ಮುಚ್ಚಿ ಒಂದೇ ಸಲಕ್ಕೆ ಹಾರಿಬಿಟ್ಟ. ಅವಮಾನವಾಗಿ ಜಂಬಗಾರನೂ ಹಿಂದೆಯೇ ಹಾರಿದ. ಆಮೇಲೆ ಪೂರ್ವದಲ್ಲಿ ಇಬ್ಬರೂ ಹುಟ್ಟಿದರು, ಒಬ್ಬರಷ್ಟೇ ಇನ್ನೊಬ್ಬರ ಬೆಳಕು. ಎರಡೆರಡು ಸೂರ್ಯ ಆದರೆ ಹೇಗೆ? ಒಬ್ಬ ದೇವರು ಒಂದು ಮೊಲ ಹಿಡಿದು ಎರಡನೆಯವನ ಮುಖಕ್ಕೆ ಎಸೆದ. ಅವನು ಮಂಕಾಗಿ ಚಂದ್ರನಾದ.

ಗೂಡುದೀಪಕ್ಕೆ ಬೇಕಾದ್ದೆಲ್ಲ ಇದರಲ್ಲೇ ಇದೆ, ಅಲ್ವಾ? ಒಂದೇ ಥರದ ಎರಡು ಉಂಡೆ ದೀಪ, ಒಂದರೊಳಗೆ ಹೋಗುವ ಮೊಲ.

ಬಿದಿರು ಕಡ್ಡಿಯ ನಮ್ಮ ಗೂಡುದೀಪದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ದುಂಡಗೆ ಬೇಕು. ಅದಕ್ಕೆ ಬಲೂನು. ಕಾಗದಕ್ಕೆ ಕಷ್ಟವಿಲ್ಲ. ಇಲ್ಲಿ ಬೀದಿಗೊಂದರಂತೆ ಇರುವ ಪಾಪೆಲೆರಿಯಾ, ಅಂದರೆ ಸ್ಟೇಷನರಿ ಅಂಗಡಿಗಳಲ್ಲಿ ‘ಪಾಪೆಲ್ ಚೀನಾ’ ಅನ್ನುವ ತೆಳ್ಳನೆಯ ಬಣ್ಣದ ಕಾಗದ ಬಿಡಿ ಹಾಳೆಯಾಗಿ ಸಿಗುತ್ತದೆ. ಪುಯೆಬ್ಲಾ ರಾಜ್ಯದ ಉಯಿಸ್ಕೊಲೋತ್ಲಾ ಊರಿನವರು ಹತ್ತಾರು ಹಾಳೆ ಒಟ್ಟಿಗೆ ಜೋಡಿಸಿ ಉಳಿಯಿಂದ ಹೊಡೆದು ತೋರಣ ಮಾಡುವುದು ಇದರಲ್ಲೇ. ಅಂಟಿಗೆ ಒಂದು ಲೋಟ ಮೈದಾ, ನಾಲ್ಕು ಲೋಟ ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸುತ್ತಾ ಗಂಜಿಯ ಹದಕ್ಕೆ ಕಾಯಿಸಬೇಕು. ಬೂಸಲು ಹಿಡಿಯದಿರಲು ಒಂದು ಚಮಚ ವಿನೆಗರ್. ಇದಕ್ಕೆ ಇಲ್ಲಿ ‘ಎಂಗ್ರೂದೊ’ ಅನ್ನುತ್ತಾರೆ. ಹಬ್ಬದಲ್ಲಿ ಕೋಲಿನಿಂದ ಹೊಡೆದು ಒಡೆಯುವ ಕಾಗದದ ಗೊಂಬೆ ಪಿನ್ಯಾತ ಮಾಡುವವರು ಬಳಸುವುದೂ ಇದನ್ನೇ.

ಬಲೂನಿಗೆ ಮೊದಲು ಒಂದು ತೊಟ್ಟು ಎಣ್ಣೆ ಸವರಿ. ಇಲ್ಲದಿದ್ದರೆ ಕೊನೆಗೆ ಕಾಗದ ಬಿಟ್ಟುಕೊಳ್ಳುವುದಿಲ್ಲ. ಹಾಳೆಯನ್ನು ಅಂಗೈಯಗಲದ ಚೂರುಗಳಾಗಿ ಹರಿಯಬೇಕು. ಕತ್ತರಿಸಿದರೆ ಅಂಚು ಗೆರೆಯಾಗಿ ಕಾಣುತ್ತದೆ, ಹರಿದ ಅಂಚು ಬೆಳಕಲ್ಲಿ ಕರಗಿಹೋಗುತ್ತದೆ. ಅಂಟನ್ನು ಬಲೂನಿಗೆ ಬಳಿದು, ಅದರ ಮೇಲೆ ಒಣ ಕಾಗದ ಇಡಿಸಿ, ಮೇಲಿನಿಂದ ಬ್ರಷ್ ಆಡಿಸಿ. ಕಾಗದವನ್ನೇ ಅಂಟಿನಲ್ಲಿ ಅದ್ದಿದರೆ ಮಕ್ಕಳ ಬೆರಳಿಗೆ ಮುದ್ದೆಯಾಗಿ ಬರುತ್ತದೆ. ಮೊದಲ ಪದರ ಬಿಳಿ, ಎರಡನೆಯದು ತಿಳಿ ಹಳದಿ, ಮೂರನೆಯದು ಮತ್ತೆ ಬಿಳಿ ಮಾಡಿಸುತ್ತೇನೆ. ಎಲ್ಲಿ ಬಿಟ್ಟುಹೋಗಿದೆ ಅಂತ ಮಕ್ಕಳಿಗೇ ಗೊತ್ತಾಗುತ್ತದೆ, ನಾನು ಹಿಂದೆ ನಿಂತು ಹೇಳಬೇಕಾಗಿಲ್ಲ. ಕೆಳಗೆ ಗಂಟಿನ ಸುತ್ತ ಅಂಗೈ ಹಿಡಿಸುವಷ್ಟು ಬಾಯಿ ಬಿಡಬೇಕು.

ಒಣಗಿಸುವುದು ನೆರಳಲ್ಲಿ. ಬಿಸಿಲಿಗೆ ಬಲೂನು ಉಬ್ಬಿ ಒಡೆಯಬಹುದು. ಇಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಸಂಜೆ ಮಳೆ, ಅಂಟು ಒಣಗುವುದೇ ಇಲ್ಲ. ಹಾಗಾಗಿ ನಾನು ಇದನ್ನು ನವೆಂಬರ್ ಮೇಲೆಯೇ ಇಟ್ಟುಕೊಳ್ಳುವುದು. ಬಲೂನು ತೆಗೆಯುವಾಗ ಪಿನ್ನು ಚುಚ್ಚಬಾರದು. ಗಂಟಿನ ಹತ್ತಿರ ರಬ್ಬರನ್ನು ಎಳೆದು ಹಿಡಿದು ಸಣ್ಣಗೆ ಕತ್ತರಿಸಿದರೆ ಗಾಳಿ ಮೆಲ್ಲಗೆ ಹೋಗಿ, ಕಾಗದದಿಂದ ಚರಚರ ಅಂತ ಬಿಡಿಸಿಕೊಳ್ಳುತ್ತದೆ. ಢಬ್ ಅನ್ನಬೇಕು ಅಂತ ಹಟ ಮಾಡುವ ಮಕ್ಕಳಿಗೆ ಬೇರೆ ಬಲೂನು ಕೊಟ್ಟುಬಿಡಿ.

ಇನ್ನು ಮೊಲ. ಬರೀ ಕಪ್ಪು ರಟ್ಟಿನ ಮೊಲ ಒಳಗಿಟ್ಟರೆ ನೆರಳು ಬೀಳುತ್ತದೆ, ಆದರೆ ದೀಪ ಮಂಕಾಗುವುದಿಲ್ಲ. ಕಥೆಯ ಅರ್ಧ ಕೆಲಸ ಆಗುವುದೇ ಇಲ್ಲ. ಅದಕ್ಕೆ ಗೂಡಿನ ಬಾಯಿಗೆ ಕೂರುವ ಒಂದು ರಟ್ಟಿನ ಬಿಲ್ಲೆ ಮಾಡಿ, ನಡುವೆ ಕಂದು ಪ್ಯಾಕಿಂಗ್ ಕಾಗದದ ಕೊಳವೆ ನಿಲ್ಲಿಸಿದೆವು. ಪಕ್ಕದಲ್ಲಿ ಬಾಗಿಸಿದ ತಂತಿಯ ತುದಿಗೆ ಮೊಲ. ಮೇಲಿನಿಂದ ದಾರದಲ್ಲಿ ಇಳಿಬಿಟ್ಟ ಬ್ಯಾಟರಿ ದೀಪದ ಮೇಲೆ ಕೆಳಗಿನಿಂದ ಬಿಲ್ಲೆ ಏರಿಸಿದರೆ, ಕೊಳವೆ ದೀಪವನ್ನು ಮುಚ್ಚುತ್ತದೆ, ಬೆಳಕು ಕಂದಾಗುತ್ತದೆ, ಮೊಲ ಮೂಡುತ್ತದೆ. ಮೊಲ ಹೊರಗಿನ ಕಾಗದಕ್ಕೆ ಒಂದು ಬೆರಳಷ್ಟು ಹತ್ತಿರ ಇರಬೇಕು. ದೀಪದ ಕಡೆ ಸರಿದಷ್ಟೂ ನೆರಳು ದೊಡ್ಡದಾಗಿ ಮಸುಕಾಗುತ್ತದೆ, ಕಿವಿ ಯಾವುದು ಕಾಲು ಯಾವುದು ತಿಳಿಯುವುದಿಲ್ಲ. ಮೇಣದ ಬತ್ತಿ ಬೇಡವೇ ಬೇಡ. ಮಿಚೋಅಕಾನ್‌ನ ಪಾರಾಚೊ ಊರಿನಲ್ಲಿ ಇದೇ ಕಾಗದದ ದೊಡ್ಡ ದೊಡ್ಡ ಬಿಸಿಗಾಳಿ ಬಲೂನುಗಳನ್ನು ಬೆಂಕಿಯಿಂದಲೇ ಹಾರಿಸುತ್ತಾರೆ ನಿಜ, ಅದು ಪಳಗಿದ ಕೈಗಳ ಕೆಲಸ.

ಕಥೆ ಹೇಳುವಾಗ ಒಬ್ಬ ಹುಡುಗ ಕೇಳಿದ, “ಮೊಲಕ್ಕೆ ನೋವಾಗಲಿಲ್ವಾ ಮಿಸ್?” ಅವನಿಗೆ ಇಲ್ಲಿಯದೇ ಇನ್ನೊಂದು ಕಥೆ ಹೇಳಿದೆ. ದಾರಿಯಲ್ಲಿ ಹಸಿದು ಕೂತ ಕೆತ್ಸಲ್‌ಕೋಆತ್ಲ್ ದೇವರಿಗೆ ಮೊಲ ‘ನನ್ನನ್ನೇ ತಿನ್ನು’ ಅಂತು. ಅವನು ಅದನ್ನು ಚಂದ್ರನವರೆಗೆ ಎತ್ತಿ, ಅಲ್ಲಿ ಅದರ ಗುರುತು ಮೂಡಿಸಿ, ಕೆಳಗಿಳಿಸಿದ. ಗುಂಪಿನಲ್ಲಿದ್ದ ಕನ್ನಡದ ಹುಡುಗಿ, “ಆಂಟಿ, ಇದು ಅಜ್ಜಿ ಕಥೆ!” ಅಂದಳು. ಅತಿಥಿಗಾಗಿ ಬೆಂಕಿಗೆ ಹಾರಿದ ಮೊಲವನ್ನು ಇಂದ್ರ ಚಂದ್ರನ ಮೇಲೆ ಬರೆದ ಜಾತಕ ಕಥೆ ಅವಳಿಗೆ ಗೊತ್ತಿತ್ತು. ಅದನ್ನು ಅವಳೇ ಸ್ಪ್ಯಾನಿಷಿನಲ್ಲಿ ಎಲ್ಲರಿಗೂ ಹೇಳಿದಳು. ಆದರೂ ಆಟ ಆಡುವಾಗ ಎಲ್ಲರಿಗೂ ಬೇಕಾದದ್ದು ಎಸೆಯುವ ಕಥೆಯೇ.

ಬಿಲ್ಲೆ ಬಿಡಿಯಾಗಿರುವುದರಿಂದ ಒಂದೇ ಚಂದ್ರನಿಗೆ ಎಲ್ಲರ ಮೊಲವೂ ಸರದಿಯಲ್ಲಿ ಹೋಗಬಹುದು. ಹಾಗೇ ಮಾಡಿದೆವು. ಒಬ್ಬಳು ಮೊಲದ ಬದಲು ಶೋಲೋ ನಾಯಿ ಕತ್ತರಿಸಿಕೊಂಡು ಬಂದಿದ್ದಳು, ಇಲ್ಲಿನ ಕೂದಲಿಲ್ಲದ ತಳಿ. ಅದನ್ನೂ ಎಸೆದೆವು. ಚಂದ್ರ ಅದಕ್ಕೂ ಅಷ್ಟೇ ಮಂಕಾದ.