ಕಪ್ಪು ಕಾಯಿ ಗೆದ್ದ ಆಟ ಓದುವುದು ಹೇಗೆ? ಒಂದು ಕುದುರೆಯ ಬೆನ್ನು ಹತ್ತಿ

ಬೋರ್ಡ್ ತಿರುಗಿಸಿ, ಕಪ್ಪು ಕಾಯಿಗಳನ್ನು ನಿಮ್ಮ ಕಡೆ ಇಟ್ಟುಕೊಳ್ಳಿ. ಸೋಲುವವರ ಕಡೆ ಕೂತು ನೋಡಿದರೆ ಈ ಆಟದ ಮಜಾ ಅರ್ಧ ಹೋಗುತ್ತದೆ. ಇದು 1985ರ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ 16ನೇ ಆಟ, ಮಾಸ್ಕೋದಲ್ಲಿ ನಡೆದದ್ದು. ಬಿಳಿ ಕಾಯಿ ಚಾಂಪಿಯನ್ ಅನಾತೊಲಿ ಕಾರ್ಪೊವ್ ಅವರದು. ಕಪ್ಪು, 22 ವರ್ಷದ ಗ್ಯಾರಿ ಕ್ಯಾಸ್ಪರೋವ್ ಅವರದು.

ಮೊದಲ ನಡೆಗಳನ್ನು ಬೇಗ ಮುಗಿಸಿ. ಅಕ್ಷರ ಅಂದರೆ ಬೋರ್ಡಿನ ಉದ್ದ ಸಾಲು, ಅಂಕಿ ಅಂದರೆ ಅಡ್ಡ ಸಾಲು, × ಅಂದರೆ ಹೊಡೆತ; ಪ್ರತಿ ಜೋಡಿಯಲ್ಲಿ ಮೊದಲು ಬಿಳಿ, ಆಮೇಲೆ ಕಪ್ಪು. ಇ4 ಸಿ5, ಅಂದರೆ ಸಿಸಿಲಿಯನ್ ಎಂಬ ಆರಂಭ. ಆಮೇಲೆ ಕುದುರೆ ಎಫ್3 ಇ6, ಡಿ4 ಸಿ×ಡಿ4, ಕುದುರೆ×ಡಿ4 ಕುದುರೆ ಸಿ6, ಕುದುರೆ ಬಿ5 ಡಿ6, ಸಿ4 ಕುದುರೆ ಎಫ್6, ಇನ್ನೊಂದು ಕುದುರೆ ಸಿ3 ಎ6, ಬಿ5 ಕುದುರೆ ಎ3ಕ್ಕೆ.

ಇಲ್ಲಿ ನಿಲ್ಲಿ. 8ನೇ ನಡೆಯಲ್ಲಿ ಕಪ್ಪು ಡಿ5 ಆಡುತ್ತದೆ. ಎರಡು ಸಲ ಹೊಡೆದಾಟ ಆದ ಮೇಲೆ ಲೆಕ್ಕ ಹಾಕಿ: ಕಪ್ಪಿಗೆ ಒಂದು ಕಾಲಾಳು ಕಮ್ಮಿ. ಸುಮ್ನೆ ಕೊಟ್ಟರಾ? ಎ3ರಲ್ಲಿ ಮೂಲೆ ಸೇರಿರುವ ಬಿಳಿ ಕುದುರೆ ನೋಡಿ. ಕಪ್ಪು ಒಂಟೆಗಳಿಗೆ ದಾರಿ ಬಿಟ್ಟಿರುವುದನ್ನೂ ನೋಡಿ.

ಮುಂದಿನ ನಿಲ್ದಾಣ 16ನೇ ನಡೆ. ಬಿ4ರ ಕಪ್ಪು ಕುದುರೆ ಡಿ3ಕ್ಕೆ ಹಾರುತ್ತದೆ. ಹಿಂದೆ ಎಫ್5ರ ಒಂಟೆ ಕಾವಲಿಗಿದೆ. ಪೆನ್ಸಿಲ್ ತೆಗೆದು ಕುದುರೆ ಕಾಯುವ ಮನೆಗಳನ್ನು ಬರೆಯಿರಿ: ಬಿ2, ಬಿ4, ಸಿ1, ಸಿ5, ಇ1, ಇ5, ಎಫ್2, ಎಫ್4. ಬಿಳಿ ಆನೆಗಳು ಡಿ1 ಮತ್ತು ಎಫ್1ರಲ್ಲಿವೆ. ಸಿ1ಕ್ಕೂ ಹೋಗುವಂತಿಲ್ಲ, ಇ1ಕ್ಕೂ ಹೋಗುವಂತಿಲ್ಲ. ಮುಂದಿನ ನಡೆಯಲ್ಲೇ ಎ3 ಕುದುರೆ ಬಿ1ಕ್ಕೆ ವಾಪಸ್. 19ರಲ್ಲಿ ಇನ್ನೊಂದು ಎ4ಕ್ಕೆ, ಬೋರ್ಡಿನ ಅಂಚಿಗೆ. ಕಾಯಿಗಳೇನೋ ಇವೆ, ಕೆಲಸವೇ ಇಲ್ಲ. ನನಗಂತೂ ಕೊನೆಯ ದಾಳಿಗಿಂತ ಈ ಉಸಿರುಗಟ್ಟಿಸುವ ಭಾಗವೇ ಜಾಸ್ತಿ ಇಷ್ಟ.

ಮಧ್ಯದ ನಡೆಗಳಲ್ಲಿ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈ ಕುದುರೆಯನ್ನು ಓಡಿಸುವುದು ಹೇಗೆ? ಬಿಳಿಯ ಪರವಾಗಿ ನೀವೇ ಹುಡುಕಿ. ಕಾರ್ಪೊವ್ 34ನೇ ನಡೆಯಲ್ಲಿ ರಾಣಿಯಿಂದಲೇ ಅದನ್ನು ಹೊಡೆದರು. ಆಗ ಇನ್ನೊಂದು ಕಪ್ಪು ಕುದುರೆ ಎಫ್2ಕ್ಕೆ ಬಂದು ರಾಜನಿಗೆ ಚೆಕ್ ಕೊಟ್ಟು ರಾಣಿಯನ್ನೂ ಹಿಡಿಯಿತು. 40ನೇ ನಡೆಗೆ ಕಾರ್ಪೊವ್ ಸೋಲೊಪ್ಪಿದರು.

ನಿಮ್ಮ ಆಟದಲ್ಲಿ ಇದನ್ನು ಹಾಗೇ ಇಳಿಸಬೇಡಿ, ಪ್ಲೀಸ್. 12ನೇ ನಡೆಯಲ್ಲಿ ಬಿಳಿ ಕ್ಯಾಸ್ಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವ ನಡೆ) ಬಿಟ್ಟು ಒಂಟೆಯನ್ನು ಇ3ಕ್ಕೆ ಇಟ್ಟರೆ ಕಪ್ಪಿಗೆ ಕಷ್ಟ. ಮರುವರ್ಷ ಬ್ರಸೆಲ್ಸ್‌ನಲ್ಲಿ ಆ ನಡೆ ಆಡಿ ಗೆದ್ದವರು ಬೇರೆ ಯಾರೂ ಅಲ್ಲ, ಕಾರ್ಪೊವ್ ಅವರೇ.