ಮೊದಲ ಎಡಿಟ್ ಮ್ಯೂಟ್‌ನಲ್ಲಿ ಮಾಡಿ ನೋಡಿ
ಅಬ್ಸರ್ವೇಶನಲ್ ಡಾಕ್ಯುಮೆಂಟರಿ (ನಡೆಯುವುದನ್ನು ಮಧ್ಯೆ ಬಾಯಿ ಹಾಕದೆ ಹಾಗೇ ಚಿತ್ರೀಕರಿಸುವ ಸಾಕ್ಷ್ಯಚಿತ್ರ) ಎಡಿಟ್ ಮಾಡುತ್ತಿರುವವರಿಗೆ ಒಂದು ಸಲಹೆ. ಮೊದಲ ಜೋಡಣೆಯನ್ನು ಸೌಂಡ್ ಆಫ್ ಮಾಡಿಕೊಂಡೇ ಮಾಡಿ.

ಉತ್ತರ ಮೆಸಿಡೋನಿಯಾದ ಡಾಕ್ಯುಮೆಂಟರಿ ‘ಹನಿಲ್ಯಾಂಡ್’ (2019) ನೋಡಿದ್ದೀರಾ? 3 ವರ್ಷದ ಚಿತ್ರೀಕರಣ, ಸುಮಾರು 400 ಗಂಟೆಯ ಫುಟೇಜ್. ಅದರಲ್ಲಿ ಜೇನು ಸಾಕುವ ಮಹಿಳೆ, ಅವರ ತಾಯಿ ಆಡುತ್ತಿದ್ದ ಟರ್ಕಿಶ್ ಭಾಷೆ ಚಿತ್ರತಂಡಕ್ಕೆ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಮೊದಲು ಮಾತಿಲ್ಲದೆ, ಬರೀ ದೃಶ್ಯ ನೋಡಿಕೊಂಡೇ ಕತೆ ಕಟ್ಟಿದರು. ಅನುವಾದ ಆಮೇಲೆ ಬಂತು.

ಭಾಷೆ ಗೊತ್ತಿರುವ ನಮಗೆ ಇದು ಇನ್ನೂ ಜಾಸ್ತಿ ಬೇಕು. ಮಾತು ಚೆನ್ನಾಗಿದ್ದರೆ ಸಪ್ಪೆ ಶಾಟ್ ಕೂಡ ಉಳಿದುಬಿಡುತ್ತದೆ, ಅಲ್ವಾ? ಮ್ಯೂಟ್‌ನಲ್ಲಿ ಅದು ತಕ್ಷಣ ಗೊತ್ತಾಗುತ್ತದೆ.

ಶೂಟಿಂಗ್‌ನಲ್ಲೂ ಅಷ್ಟೆ. ಮಾತು ಮುಗಿದ ಕೂಡಲೇ ಕ್ಯಾಮೆರಾ ನಿಲ್ಲಿಸಬೇಡಿ. ಕೇಳಿಸಿಕೊಂಡವರ ಮುಖ, ಕೈ ಏನು ಮಾಡುತ್ತದೆ ಎಂದು ಸ್ವಲ್ಪ ಹೊತ್ತು ಹಿಡಿಯಿರಿ. ಎಡಿಟ್‌ನಲ್ಲಿ ನಿಜವಾಗಿ ಕೈಹಿಡಿಯುವುದು ಆ ಶಾಟ್‌ಗಳೇ.